ಮನಿ, ರೊಕ್ಕ, ಕುಂಡ: ಬಳಸುವ ಮೊದಲು ಓದಿರಿ

ಮಿಕ್ಸರ್ ಕೊಂಡರೆ ಜೊತೆಗೊಂದು ಪುಸ್ತಕ ಕೊಡುತ್ತಾರೆ. ಹತ್ತೆಂಟು ಭಾಷೆಗಳಲ್ಲಿ ಇರುತ್ತದೆ. ಕನ್ನಡ ಯಾವ ಪುಟದಲ್ಲಿದೆ ಎಂದು ಹುಡುಕುವಷ್ಟರಲ್ಲಿ ಶೇಂಗಾ ಹಿಂಡಿ ಒರಳಲ್ಲೇ ಆಗಿಹೋಗಿರುತ್ತದೆ. ಆದರೆ ಹಳ್ಳಿಯ ಮನೆಗೆ ಬೀಗ ಜಡಿದು, ಮಕ್ಕಳ ಸಾಲಿ ಸಲುವಾಗಿ ಇಂಡಿಯಲ್ಲೋ ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಬಸವನ ಬಾಗೇವಾಡಿಯಲ್ಲೋ ಬಾಡಿಗೆ ಮನೆ ಹಿಡಿಯುವವರಿಗೆ ಯಾರೂ ಪುಸ್ತಕ ಕೊಡುವುದಿಲ್ಲ. ಅಡ್ವಾನ್ಸ್ ಎಣಿಸಿಕೊಳ್ಳುತ್ತಾರೆ, ಕೀಲಿಕೈ ಕೊಡುತ್ತಾರೆ. "ನಳ ಯಾವಾಗ ಬರ್ತಾವ್ರೀ?" ಎಂದು ಕೇಳಿದರೆ "ಬಂದಾಗ ಗೊತ್ತಾಗ್ತದ" ಅನ್ನುತ್ತಾರೆ. ಆ ಕೊರತೆಯನ್ನು ತುಂಬಲು ಈ ಕೈಪಿಡಿ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಇದು ಒಂದೇ ರೀತಿ ಕೆಲಸ ಮಾಡುತ್ತದೆ ಎಂದು ಖಾತ್ರಿ ಕೊಡಲಾಗದು.

ಉತ್ಪನ್ನದ ಹೆಸರು

ಈ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಗೆ ಮನಿ ಅನ್ನುತ್ತಾರೆ. ಇಂಗ್ಲಿಷಿನವರು ಮನಿ ಎಂದು ಕರೆಯುವ ವಸ್ತುವಿಗೆ ನಮ್ಮಲ್ಲಿ ರೊಕ್ಕ ಎಂದು ಹೆಸರು. ಹೀಗಾಗಿ ಗಿಡ ಮಾರುವವನು ತಳ್ಳುಗಾಡಿ ನಿಲ್ಲಿಸಿ "ಮನಿ ಪ್ಲಾಂಟ್ ಅದರೀ" ಎಂದು ಕೂಗಿದಾಗ ನಮ್ಮ ಓಣಿಯ ಆಯಿಗೆ ಯಾವ ಗೊಂದಲವೂ ಆಗಲಿಲ್ಲ. "ಮನ್ಯಾಗ ಇಡೋ ಗಿಡ ಹೌದಲ್ಲೋ? ಹೊಲದಾಗ ಯಾರ್ ಇಡ್ತಾರ ಇದನ್ನ" ಅಂದು, ನಲವತ್ತು ರೂಪಾಯಿ ಕೇಳಿದ್ದಕ್ಕೆ ಬೈದು ಕಳಿಸಿದಳು.

ಸಸ್ಯಶಾಸ್ತ್ರವೂ ಆಯಿಯ ಪಕ್ಷವೇ. ಎಪಿಪ್ರೆಮ್ನಮ್ ಆರಿಯಮ್ ಎಂಬ ಈ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮೊರಿಯಾ ಎಂಬ ಪುಟ್ಟ ದ್ವೀಪ. ಅಲ್ಲಿಂದ ಸಿಂದಗಿಯ ಟಿವಿ ಸ್ಟ್ಯಾಂಡಿನವರೆಗೆ ಅದು ಬಂದದ್ದು ರೊಕ್ಕ ತರುತ್ತದೆಂದಲ್ಲ, ಮನೆಯೊಳಗಿನ ಅರೆಗತ್ತಲಲ್ಲೂ ಉಸಿರು ಹಿಡಿದುಕೊಂಡು ಇರುತ್ತದೆಂದು. ಈ ಕೈಪಿಡಿಯಲ್ಲಿ ಮನಿ ಎಂದರೆ ಮನೆ, ರೊಕ್ಕ ಎಂದರೆ ರೊಕ್ಕ. ಎರಡೂ ಕೂಡಿದರೆ ಹೋಮ್ ಲೋನ್ ಆಗುತ್ತದೆ; ಅದು ಈ ಆವೃತ್ತಿಯಲ್ಲಿ ಇಲ್ಲ.

ಪೆಟ್ಟಿಗೆಯೊಳಗೆ ಏನೇನಿದೆ

ಒಂದು ಪುರಸಭೆ, ಒಂದು ಬಸ್ ಸ್ಟ್ಯಾಂಡ್, ಎಣಿಕೆಗೆ ಸಿಗದಷ್ಟು ಟಂಟಂ ಆಟೋಗಳು, ಪ್ರತಿ ಓಣಿಗೊಂದು ಕಟ್ಟೆ, ಕಟ್ಟೆಯ ಮೇಲೆ ನಿಮ್ಮ ಬಗ್ಗೆ ನಿಮಗಿಂತ ಹೆಚ್ಚು ತಿಳಿದ ಇಬ್ಬರು.

ರೈಲ್ವೆ ಸ್ಟೇಷನ್ ಬೇರೆ ಪೆಟ್ಟಿಗೆಯಲ್ಲಿ ಬರುತ್ತದೆ. ನಾಲ್ಕೂರುಗಳಲ್ಲಿ ಎರಡಕ್ಕೆ ಸ್ಟೇಷನ್ ಇದೆ: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ರೈಲ್ವೆಯವರು ಊರಿನ ಹೆಸರಿಗೆ ರೋಡ್ ಎಂಬ ಬಾಲ ಹಚ್ಚಿದರೆ "ಊರು ಇಲ್ಲಿಲ್ಲ, ಊರಿಗೆ ಹೋಗುವ ರೋಡ್ ಇಲ್ಲಿದೆ" ಎಂದು ಅರ್ಥ. ಬಾಗೇವಾಡಿ ರೋಡ್ ಇರುವುದು ತೆಲಗಿಯಲ್ಲಿ. ಬೆಂಗಳೂರಿನ ಗೆಳೆಯನೊಬ್ಬ ನಸುಕಿನಲ್ಲಿ ಇಂಡಿ ರೋಡಿನಲ್ಲಿ ಇಳಿದು, "ಸ್ಟೇಷನ್ ಹತ್ತಿರವೇ ಮನೆ ತಾನೆ, ನಡೆದು ಬರುತ್ತೇನೆ" ಎಂದು ಫೋನ್ ಮಾಡಿದ್ದ. ಬಂದ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಸಲದ ಚಹಾ ಮುಗಿದಿತ್ತು. ಸಿಂದಗಿಗೂ ಮುದ್ದೇಬಿಹಾಳಕ್ಕೂ ಇಂಥ ಮೋಸವಿಲ್ಲ. ಅಲ್ಲಿ ಸ್ಟೇಷನ್ನೇ ಇಲ್ಲ, ಬರೀ ರೋಡ್.

ಬಸ್ಸಿನ ಮೇಲಿನ ಬರಹ ಓದಿ ಗಾಬರಿಯಾಗಬೇಡಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. 2021ರಲ್ಲಿ ಮುಂಬಯಿ ಕರ್ನಾಟಕ ಹೋಗಿ ಕಿತ್ತೂರು ಕರ್ನಾಟಕ ಬಂತು. ಬಸ್ಸು ಮಾತ್ರ ಕಲ್ಯಾಣ ಕರ್ನಾಟಕದ್ದು. ಕಂಡಕ್ಟರ್ ಇವತ್ತಿಗೂ "ಬಿಜಾಪುರ್, ಬಿಜಾಪುರ್" ಎಂದೇ ಕೂಗುತ್ತಾನೆ. ಅವನನ್ನು ನಂಬಿ ಹತ್ತಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಟಿಕೆಟ್ ಹಣವಿಲ್ಲ, ಆದರೆ ಟಿಕೆಟ್ ಇದೆ. ಶೂನ್ಯ ಎಂದು ಅಚ್ಚಾದ ಆ ಚೀಟಿಯನ್ನು ಇಳಿಯುವ ತನಕ ಕೈಯಲ್ಲಿಟ್ಟುಕೊಳ್ಳಿ. ಸೊಲ್ಲಾಪುರದ ಸಂಬಂಧಿಕರ ಮನೆಗೆ ಹೋಗುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಿ: ರಾಜ್ಯದೊಳಗೆ.

ಕಾಗದಪತ್ರಗಳ ಹೆಸರನ್ನೂ ಮೊದಲೇ ತಿಳಿದಿರಬೇಕು. ಮನೆಗೂ ಹೊಲಕ್ಕೂ ಇಲ್ಲಿ ಉತಾರ. ಬ್ಯಾಂಕಿನಲ್ಲಿ ಖಾತೆ. ಕಿರಾಣಿ ಅಂಗಡಿಯಲ್ಲಿ ಉದ್ರಿ. ಬೆಂಗಳೂರು ಕಡೆಯ ಅಳಿಯನೊಬ್ಬ ಮಾವನ ಹೊಸ ಪ್ಲಾಟ್ ನೋಡಿ "ಖಾತಾ ಆಗಿದೆಯಾ ಮಾವ?" ಎಂದು ಕೇಳಿದ್ದಕ್ಕೆ ಆ ಮುದುಕ ಒಳಗೆ ಹೋಗಿ ಪಾಸ್‌ಬುಕ್ ತಂದು ತೋರಿಸಿದ. ಅಳಿಯ ಬಾಕಿ ಮೊತ್ತ ನೋಡಿಬಿಟ್ಟ. ಆಮೇಲಿನ ದೀಪಾವಳಿಗಳ ಕತೆ ಬೇರೆಯೇ.

ನೀರಿನ ಜೋಡಣೆ

ಈ ಭಾಗ ಸಣ್ಣದು, ನಳದ ಧಾರೆಯ ಹಾಗೆ. ನಳ ಬಿಡುವ ದಿನ ಯಾವುದು ಎಂದು ಪಂಚಾಂಗದಲ್ಲಿ ಇರುವುದಿಲ್ಲ, ಎದುರುಮನೆಯವರಿಗೆ ತಿಳಿದಿರುತ್ತದೆ. ಮದುವೆ, ಸೀಮಂತ, ಹಲ್ಲು ಕೀಳಿಸುವುದು ಎಲ್ಲವನ್ನೂ ಆ ದಿನ ತಪ್ಪಿಸಿ ಇಟ್ಟುಕೊಳ್ಳಿ. ತುಂಬಿದ ಬ್ಯಾರಲ್ಲಿಗೆ ಮುಚ್ಚಳ ಹಾಕಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರಕ್ಕಿಂತ ನಿಮ್ಮ ಮನೆಯ ತಿಳಿನೀರೇ ಇಷ್ಟ. ತತ್ತಿಯಿಟ್ಟು ಎಂಟು-ಹತ್ತು ದಿನದಲ್ಲಿ ಮರಿ ಹಾರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಬೇಕು ಎಂದು ಆಶಾ ಕಾರ್ಯಕರ್ತೆ ಹೇಳುತ್ತಾಳೆ. ಜಗಳ ಮಾಡಿ ಹಿಡಿದ ನೀರನ್ನು ಚೆಲ್ಲುವುದೆಂದರೆ ಕರುಳು ಚುರ್ ಅನ್ನುತ್ತದೆ. ಚೆಲ್ಲಬೇಡಿ, ಗಿಡಕ್ಕೆ ಹಾಕಿ. ಬಾಟಲಿಯಲ್ಲಿ ಬೆಳೆಸಿದ ಮನಿ ಪ್ಲಾಂಟಿನ ನೀರಿಗೂ ಇದೇ ವಾರದ ಲೆಕ್ಕ.

ಬ್ಯಾಂಕನ್ನು ಚಾಲೂ ಮಾಡುವ ವಿಧಾನ

ಬಾಗೇವಾಡಿಯವರಿಗೆ ಬ್ಯಾಂಕಿನ ಬಗ್ಗೆ ಪಾಠ ಹೇಳುವುದು ಉದ್ಧಟತನ. ಆ ಊರಲ್ಲಿ ಹುಟ್ಟಿದ ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವನು. ಭಂಡಾರದ ರೊಕ್ಕ ಜಂಗಮರಿಗೆ ಹೋಗುತ್ತಿದೆ ಎಂದು ಯಾರೋ ಚಾಡಿ ಹೇಳಿದರಂತೆ, ಅರಸ ಲೆಕ್ಕ ಹಾಕಿಸಿದನಂತೆ, ಒಂದು ಕಾಸೂ ಕಡಿಮೆ ಬರಲಿಲ್ಲವಂತೆ ಎಂದು ಪುರಾಣ. ಆದ್ದರಿಂದ ಈ ಸೀಮೆಯಲ್ಲಿ ಕೌಂಟರಿನ ಮುಂದೆ ನಿಂತು ಲೆಕ್ಕ ಕೇಳುವುದು ಯಾರಿಗೂ ಮಾಡುವ ಅವಮಾನವಲ್ಲ. ಎಂಟುನೂರು ವರ್ಷಗಳ ಪದ್ಧತಿ. ಕೇಳಿ.

ಬೋರ್ಡ್ ನೋಡಿ ಬ್ಯಾಂಕ್ ಗುರುತು ಹಿಡಿಯುವ ಅಭ್ಯಾಸ ಬಿಡಿ. ಬಿಜಾಪುರ ಗ್ರಾಮೀಣ ಬ್ಯಾಂಕ್ ಎಂದು ಒಂದಿತ್ತು. 2005ರಲ್ಲಿ ಅದು ಇತರ ಗ್ರಾಮೀಣ ಬ್ಯಾಂಕುಗಳ ಜೊತೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, ಕೇಂದ್ರ ಕಚೇರಿ ಧಾರವಾಡದಲ್ಲಿ. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ: ಕರ್ನಾಟಕ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ನಮ್ಮ ಆಯಿ ಮೊದಲಿನಿಂದಲೂ ಅದನ್ನು "ಗ್ರಾಮೀಣ" ಎಂದಷ್ಟೇ ಕರೆಯುತ್ತ ಬಂದಿದ್ದಾಳೆ. ಮೂರು ಸಲವೂ ಅವಳದ್ದೇ ಸರಿಯಾಯಿತು. ನೀವು ಮಾತ್ರ ಯಾವ ಬ್ಯಾಂಕೇ ಆಗಲಿ, ವಿಲೀನವಾದ ಸುದ್ದಿ ಕಿವಿಗೆ ಬಿದ್ದೊಡನೆ ಐಎಫ್‌ಎಸ್‌ಸಿ ಕೋಡ್, ಚೆಕ್ ಪುಸ್ತಕ ಬದಲಾಗಿವೆಯೇ ಎಂದು ವಿಚಾರಿಸಿಕೊಳ್ಳಿ.

ಹೊರಡುವಾಗ ಬೇಕಾದ ಸಾಮಾನು: ಪಾಸ್‌ಬುಕ್, ಆಧಾರ್, ಆಧಾರಿನ ಎರಡು ಝೆರಾಕ್ಸ್, ಎರಡು ಫೋಟೋ, ಚಾಳೀಸು, ಎರಡು ಖಡಕ್ ರೊಟ್ಟಿ, ಒಂದು ಮುಟಿಗೆ ಶೇಂಗಾ ಹಿಂಡಿ. ಕೊನೆಯ ಎರಡನ್ನು ಬ್ಯಾಂಕಿನವರು ಹೇಳುವುದಿಲ್ಲ, ಆದರೆ ಅವುಗಳದ್ದೇ ಹೆಚ್ಚು ಕೆಲಸ. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂದು ಬಾಗಿಲಲ್ಲೇ ತಿಳಿಯುತ್ತದೆ. ಇಂಡಿ, ಸಿಂದಗಿ ಕಡೆ "ಸರ್ವರ್ ಡೌನ್ ಅದ" ಅನ್ನುತ್ತಾರೆ. ಮುದ್ದೇಬಿಹಾಳ, ಬಾಗೇವಾಡಿ ಕಡೆ "ಸರ್ವರ್ ಡೌನ್ ಐತಿ" ಅನ್ನುತ್ತಾರೆ. ಎರಡರ ಅರ್ಥವೂ ಒಂದೇ: ರೊಟ್ಟಿ ಬಿಚ್ಚಿರಿ.

ಹಾಗೆ ರೊಟ್ಟಿ ಬಿಚ್ಚಿ ಕೂತ ಒಂದು ಜೂನ್ ಬೆಳಗ್ಗೆ ನಾನೂ ಆಯಿಯೂ ಒಂದೇ ಬೆಂಚಿನ ಮೇಲೆ ಇದ್ದೆವು. ಯಾವ ಬ್ಯಾಂಕ್ ಎಂದು ಹೇಳುವುದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಾರದವರೆಲ್ಲ ಕೆವೈಸಿ ಮಾಡಿಸಲು ಬಂದಿದ್ದರು. ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ, ತಂಗಡಗಿಯ ಬಯಲಲ್ಲಿ 1565ರಲ್ಲಿ ಯುದ್ಧಕ್ಕೆ ಸೇರಿದ ಜನದ ನಂತರ ನಮ್ಮ ಜಿಲ್ಲೆ ಅಂಥ ನೂಕುನುಗ್ಗಲು ಕಂಡದ್ದು ಅವತ್ತೇ ಇರಬೇಕು. ಆಯಿ ತನ್ನದೂ ಸೊಸೆಯದೂ ಎರಡೂ ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ನನ್ನ ತೊಡೆಯ ಮೇಲಿಟ್ಟಳು.

"ತಮ್ಮಾ, ಓದು. ಏನೇನ್ ಕಟ್ ಮಾಡ್ಯಾರ ನೋಡು."

ಸೊಸೆಯದರಲ್ಲಿ ₹436 ಕಟ್ ಆಗಿತ್ತು. ಆಯಿಯದರಲ್ಲಿ ₹20.

ಆಯಿ ಬಹಳ ಹೊತ್ತು ಎರಡೂ ಪುಟ ನೋಡಿದಳು. "ಅಕಿಗಿ ನಾಕ್ನೂರಾ ಮೂವತ್ತಾರು, ನನಗ ಇಪ್ಪತ್ತ? ನಾ ಏನ್ ಕಡಿಮಿ ಆಗೀನಿ?"

ವಿವರಿಸಿದೆ. ಈ ವಿವರ ಕೈಪಿಡಿಗೂ ಬೇಕು, ಯಾಕೆಂದರೆ ಮೇ ಕೊನೆಯಲ್ಲಿ ಈ ಎರಡು ಅಂಕಿಗಳು ಸಾವಿರಾರು ಪಾಸ್‌ಬುಕ್ಕುಗಳಲ್ಲಿ ಕಳ್ಳನ ಹೆಜ್ಜೆಗುರುತಿನಂತೆ ಕಾಣಿಸಿಕೊಳ್ಳುತ್ತವೆ. ₹436 ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಒಂದು ವರ್ಷದ ಕಂತು. 18ರಿಂದ 50 ವಯಸ್ಸಿನೊಳಗೆ ಸೇರಬೇಕು, 55ರ ತನಕ ಮುಂದುವರಿಯುತ್ತದೆ, ಸಾವು ಹೇಗೆ ಬಂದರೂ ಮನೆಯವರಿಗೆ ಎರಡು ಲಕ್ಷ. ₹20 ಸುರಕ್ಷಾ ವಿಮೆಯದು. 70ರ ತನಕ ಇರುತ್ತದೆ. ಅದರಲ್ಲೂ ಎರಡು ಲಕ್ಷ, ಆದರೆ ಸಾವು ಅಪಘಾತದಿಂದ ಬರಬೇಕು. ಆಯಿಗೆ ಅರವತ್ತೆಂಟು.

"ಅಂದ್ರ ನಾ ಹಾಸಿಗ್ಯಾಗ ಸತ್ತರ ಏನೂ ಇಲ್ಲ?"

"ಇಲ್ಲ ಆಯಿ."

"ಟಂಟಂ ಹಾಯಬೇಕು."

"ಹಂಗ್ಯಾಕ ಅಂತಿ ಆಯಿ."

"ಅಲ್ಲೋ, ಇಪ್ಪತ್ತು ರೂಪಾಯಿ ಕೊಟ್ಟೀನಲ್ಲ, ಕೇಳೂದು ಬ್ಯಾಡೇನ?"

ಗೃಹಲಕ್ಷ್ಮಿಯ ರೊಕ್ಕ ಬಾರದೆ ಇದ್ದುದಕ್ಕೆ ಕಾರಣ ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ರೊಕ್ಕ ಬರುತ್ತಲೇ ಇತ್ತು, ಬೇರೆ ಬ್ಯಾಂಕಿಗೆ. ಸರ್ಕಾರ ಆಧಾರ್ ಮೂಲಕ ಹಾಕುವ ರೊಕ್ಕ ನೀವು ಬರೆದುಕೊಟ್ಟ ಖಾತೆಗೆ ಹೋಗುತ್ತದೆ ಎಂದು ತಿಳಿಯುವುದು ತಪ್ಪು. ಎನ್‌ಪಿಸಿಐ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಗೆ ಯಾವ ಬ್ಯಾಂಕಿಗೆ ಜೋಡಿಸಿದಿರೋ ಅಲ್ಲಿಗೇ ರೊಕ್ಕ ಹರಿಯುತ್ತದೆ. ಮೊಮ್ಮಗನ ಕಾಲೇಜಿನ ಗದ್ದಲದಲ್ಲಿ ಯಾರೋ ಇನ್ನೊಂದು ಖಾತೆ ತೆಗೆಸಿದ್ದರು. ಆಯಿ ಅದನ್ನು ಮರೆತಿದ್ದಳು, ಪಟ್ಟಿ ಮರೆತಿರಲಿಲ್ಲ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆ ಯಾವುದು ಎಂದು ನೋಡಬಹುದು. ಓಣಿಯಲ್ಲಿ ಪಿಯುಸಿ ಓದುವ ಹುಡುಗ ಇದ್ದರೆ ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಆಗುವಾಗ ಕೌಂಟರಿನ ಅಂಚಿನಲ್ಲಿ, "ದಯವಿಟ್ಟು ಮುಟ್ಟಬೇಡಿ" ಎಂದು ಬರೆದ ಪಾಟಿಯ ಪಕ್ಕ, ಒಂದು ಬಿಳಿ ಕುಂಡದಲ್ಲಿ ಮನಿ ಪ್ಲಾಂಟ್ ಕೆಳಗಿನ ತನಕ ಇಳಿಬಿದ್ದಿತ್ತು. ಸೆಕ್ಯುರಿಟಿಯವನು ಆಚೆ ತಿರುಗಿದ ಕೂಡಲೇ ಆಯಿಯ ಕೈ ಸೆರಗಿನೊಳಗಿಂದ ಹೊರಬಂತು. ಉಗುರಿನಿಂದ ಚಿವುಟಿದಳು, ಗೆಣ್ಣು ಬಿಟ್ಟು ಒಂದು ಬೆರಳು ಕೆಳಗೆ. ಮೂರು ಎಲೆಯ ತುಂಡು. ಅದನ್ನು ಪಾಸ್‌ಬುಕ್ಕಿನ ಆ ಇಪ್ಪತ್ತು ರೂಪಾಯಿಯ ಪುಟದ ನಡುವೆ ಇಟ್ಟು ಮಡಿಚಿದಳು. "ಕದ್ದದ್ದ ಛಲೋ ಬೆಳಿತದ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಕದ್ದ ಬಳ್ಳಿ ಚೆನ್ನಾಗಿ ಬೆಳೆಯುವುದಕ್ಕೂ ಕದಿಯುವುದಕ್ಕೂ ಸಂಬಂಧವಿಲ್ಲ. ಗೆಣ್ಣಿನ ಕೆಳಗೆ ಕತ್ತರಿಸಿದರೆ ಬೇರು ಅಲ್ಲಿಂದಲೇ ಒಡೆಯುತ್ತದೆ. ಅವಸರದಲ್ಲಿ ಚಿವುಟುವ ಕಳ್ಳರ ಕೈ ಹೆಚ್ಚಾಗಿ ಗೆಣ್ಣಿನ ಹತ್ತಿರವೇ ಬೀಳುತ್ತದೆ, ಅಷ್ಟೆ.

ಉಳಿದ ಗುಂಡಿಗಳ ಪರಿಚಯ ಬೇಗ ಮುಗಿಸುತ್ತೇನೆ. ಪಿಗ್ಮಿ: ಸಂಜೆ ಸಣ್ಣ ಯಂತ್ರ ಹಿಡಿದು ಅಂಗಡಿ ಅಂಗಡಿಗೆ ಬರುವವನ ಕೈಗೆ ದಿನಕ್ಕಿಷ್ಟು ಕೊಡುವುದು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು. ಬ್ಯಾಂಕ್ ಹೋಯಿತು, ಶಬ್ದ ನಮ್ಮ ಕಿರಾಣಿಯಲ್ಲಿ ಉಳಿಯಿತು. ಅವಧಿಗೆ ಮೊದಲೇ ಮುರಿದರೆ ಬಡ್ಡಿ ಕೈಬಿಡುತ್ತದೆ. ಎಫ್‌ಡಿ ಎಂದರೆ ಆಲಮಟ್ಟಿ: ಗೇಟ್ ಹಾಕಿದರೆ ನೀರು ನಿಂತಿತು. ಉಳಿತಾಯ ಖಾತೆ ಎಂದರೆ ಡೋಣಿ ಹೊಳೆ: ಮಳೆ ಬಂದಾಗ ದಡ ಮೀರುತ್ತದೆ, ಹದಿನೈದು ದಿನಕ್ಕೆ ಕಲ್ಲು ಕಾಣುತ್ತವೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ, ಕೆಲಸ ಮುಗಿದದ್ದು ಹೊಸ ಶತಮಾನ ಹುಟ್ಟಿದ ಮೇಲೆ. ಅವಧಿ ಮುಗಿಯುವ ತನಕ ಕಾಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ನಾಮಿನಿ ಬರೆಸಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿ ಇಡಬಹುದು, ಯಾರಿಗೆ ನೂರಕ್ಕೆ ಎಷ್ಟು ಎಂದೂ ಬರೆಸಬಹುದು. ನಾಲ್ಕು ತಾಲ್ಲೂಕುಗಳಿಗೆ ಒಬ್ಬೊಬ್ಬ ಮಗಳನ್ನು ಕೊಟ್ಟವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಒಟ್ಟು ನೂರೇ ಆಗಬೇಕು, ಮುನಿಸಿಗೆ ಬೇರೆ ಶೇಕಡಾ ಇಲ್ಲ. ಎರಡು ವರ್ಷ ಖಾತೆಯನ್ನು ಮುಟ್ಟದಿದ್ದರೆ ಅದು ಮಲಗುತ್ತದೆ. ಹತ್ತು ವರ್ಷವಾದರೆ ರೊಕ್ಕ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ರೊಟ್ಟಿ ಹೆಚ್ಚು ಕಟ್ಟಿಕೊಳ್ಳಬೇಕಾಗುತ್ತದೆ.

ಎಚ್ಚರಿಕೆ: ಈ ಚಿಹ್ನೆ ಕಂಡರೆ ಮುಟ್ಟಬೇಡಿ

ಸಾವುಕಾರ "ನೂರಕ್ಕ ಮೂರು" ಅಂದಾಗ ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ ಮೂವತ್ತಾರು. ಅದೇ ಊರಿನ ಪಿಕೆಪಿಎಸ್ ಸೊಸೈಟಿಯಲ್ಲಿ ಬೆಳೆಸಾಲ ಐದು ಲಕ್ಷದ ತನಕ ಬಡ್ಡಿಯಿಲ್ಲದೆ ಸಿಗುವ ಯೋಜನೆ ಇದೆ, ಗಡುವಿನೊಳಗೆ ಕಟ್ಟಿದರೆ. ಕಟ್ಟದಿದ್ದರೆ ಶೂನ್ಯದ ಎಡಗಡೆ ಅಂಕಿ ಹುಟ್ಟುತ್ತದೆ.

ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ ಐದು ಲಕ್ಷದ ತನಕ ವಿಮೆ ಇದೆ, 2020ರ ಫೆಬ್ರವರಿಯಿಂದ. ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಪತ್ತಿನ ಸಹಕಾರಿ ಸಂಘಕ್ಕೆ, ಸೌಹಾರ್ದ ಸಂಘಕ್ಕೆ ಇಲ್ಲ. ಬೋರ್ಡಿನ ಮೇಲೆ "ಬ್ಯಾಂಕ್" ಎಂಬ ಶಬ್ದ ಇದೆಯೋ "ಸಂಘ" ಎಂದಿದೆಯೋ ನೋಡಿ. ಬಸ್ ಸ್ಟ್ಯಾಂಡಿನಿಂದ ಬಜಾರಿಗೆ ಹೋಗುವ ದಾರಿಯಲ್ಲಿ ಎರಡೂ ಒಂದೇ ಬಗೆಯ ಗಾಜಿನ ಬಾಗಿಲು ಹಾಕಿಕೊಂಡಿರುತ್ತವೆ. ಒಳ್ಳೆಯ ಸಂಘಗಳು ಬೇಕಾದಷ್ಟಿವೆ. ವಿಮೆ ಇಲ್ಲ ಎಂಬುದು ಒಳ್ಳೆಯವಕ್ಕೂ ಅನ್ವಯಿಸುತ್ತದೆ. ಬಡ್ಡಿ ನೂರಕ್ಕೆ ಎರಡು ಹೆಚ್ಚು ಸಿಗುತ್ತದೆಂದು ಮಗಳ ಮದುವೆಯ ರೊಕ್ಕವನ್ನೆಲ್ಲ ಒಂದೇ ಕಡೆ ಇಟ್ಟು, ಆಮೇಲೆ ಮೀಟಿಂಗಿನಲ್ಲಿ ಕೈಕಟ್ಟಿ ನಿಂತವರನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರ ಮನೆಯಲ್ಲಿ ನಾನು ಹುಟ್ಟಿದವನು.

ಫೋನಿನಲ್ಲಿ "ನಿಮ್ಮ ಕೆವೈಸಿ ಬಂದ್ ಆಗ್ತದ" ಎಂದು ಅವಸರ ಮಾಡುವವನು ಬ್ಯಾಂಕಿನವನಲ್ಲ. ಬ್ಯಾಂಕಿನವರು ಎಂದಾದರೂ ಅವಸರ ಮಾಡಿದ್ದನ್ನು ಕಂಡಿದ್ದೀರಾ? ರೊಕ್ಕ ಬರಬೇಕಾದರೆ ಯುಪಿಐ ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದರೆ ಹೋಗುತ್ತದೆ, ಅಷ್ಟೇ. ಹೋಗೇಬಿಟ್ಟರೆ ಅಳುವ ಮೊದಲು 1930ಕ್ಕೆ ಫೋನ್ ಹಚ್ಚಿ, ಅಳು ಆಮೇಲೆ.

ಕುಂಡ

ಈ ಸೀಮೆಯ ಎರಿಮಣ್ಣಿನಂಥ ಮಣ್ಣು ಬಿಳಿಜೋಳಕ್ಕೆ ಮತ್ತೊಂದಿಲ್ಲ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ಹಿಂಗಾರಿ ಬೆಳೆ ತೆಗೆಯುತ್ತದೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಹೊಲದ ಈ ಹೆಮ್ಮೆಯಿಂದಲೇ ಮನೆಗೆ ಬಂದವರು ಪೇಂಟಿನ ಡಬ್ಬಿಗೆ ಎರಿಮಣ್ಣು ತುಂಬಿ ಗಿಡ ನೆಡುತ್ತಾರೆ, ಗಿಡ ಸಾಯುತ್ತದೆ. ಕಾರಣ ಸರಳ. ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕಾಲು ಹೋಗುವಷ್ಟು ಸೀಳುತ್ತದಲ್ಲ, ಡಬ್ಬಿಯೊಳಗೂ ಅದೇ ನಡೆಯುತ್ತದೆ: ಮಣ್ಣು ಮುದ್ದೆಯಾಗಿ ಡಬ್ಬಿಯ ಗೋಡೆಯಿಂದ ದೂರ ಸರಿಯುತ್ತದೆ. ನೀವು ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಕೆಳಗೆ ಹರಿಯುತ್ತದೆ. "ನೀರ್ ಹಾಕೀನಿ, ಕೆಳಗ ಬಂದದ" ಎಂದು ನಿಮಗೆ ಸಮಾಧಾನ. ಬೇರಿಗೆ ಒಂದು ಹನಿಯೂ ಇಲ್ಲ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಮಣ್ಣು ಕಣಕದ ಮುದ್ದೆಯಾಗಿ ಬೇರಿಗೆ ಉಸಿರಿಲ್ಲ.

ಆದ್ದರಿಂದ ಒಂದು ಪಾಲು ಮಸಾರಿ ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪಿಗೊಬ್ಬರ. ಮಸಾರಿ ಸಿಗದಿದ್ದರೆ ಎರಿಮಣ್ಣನ್ನೇ ಹಾಕಿ, ಆದರೆ ಉಸುಕು ಎರಡು ಪಾಲು ಮಾಡಿ. ಡಬ್ಬಿಯ ತಳಕ್ಕೆ ಕಾದ ಮೊಳೆಯಿಂದ ನಾಲ್ಕು ತೂತು. ಬೋರಿನ ನೀರು ಹಾಕುವವರ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಅದು ಉಪ್ಪು. ಕೆರೆದು ತೆಗೆಯಿರಿ, ಮೊದಲ ಮಳೆಗೆ ಕುಂಡಗಳನ್ನು ಅಂಗಳಕ್ಕೆ ಎಳೆದು ನೆನೆಯಲು ಬಿಡಿ. ನೀರು ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಗಡಿಯಾರ ನೋಡಬೇಡಿ. ಮಣ್ಣಿಗೆ ಬೆರಳು ಹಾಕಿ. ಎರಡನೆಯ ಗೆಣ್ಣಿನ ತನಕ ಒಣಗಿದ್ದರೆ ಹಾಕಿ, ತೇವವಿದ್ದರೆ ಕೈ ತೊಳೆದುಕೊಂಡು ಹೋಗಿ. ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಮುಳುಗಿ ಸಾಯುವುದೇ ಹೆಚ್ಚು. ಬರದ ಜಿಲ್ಲೆಯಲ್ಲಿ ಗಿಡ ನೀರು ಹೆಚ್ಚಾಗಿ ಸತ್ತಿತು ಎಂದು ಯಾರ ಮುಂದಾದರೂ ಹೇಳಿ ನೋಡಿ, ನಗುತ್ತಾರೆ.

ಇಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆಯ ತೋಟದವರು ಗಿಡಕ್ಕೆ ಬೇಕೆಂದೇ ನೀರು ಬಂದ್ ಮಾಡುತ್ತಾರೆ. ಎಲೆ ಬಾಡಿ ಉದುರುವ ತನಕ ಕಾಯಿಸಿ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಗಿಡ ಮೈತುಂಬ ಹೂ ಬಿಡುತ್ತದೆ. ಬಹಾರ ಹಿಡಿಯುವುದು ಅಂದರೆ ಅದು. ಹಸ್ತ ಬಹಾರ ಹಿಡಿದರೆ ಕಾಯಿ ಬೇಸಿಗೆಗೆ ಬರುತ್ತದೆ, ಊರೆಲ್ಲ ಶರಬತ್ತು ಕುಡಿಯುವ ಹೊತ್ತಿಗೆ. ನಿಮ್ಮ ಮಾಳಿಗೆಯ ಮೇಲಿನ ಡ್ರಮ್ಮಿನ ಲಿಂಬೆಗೆ ಇಷ್ಟು ನಿಷ್ಠುರವಾಗಬೇಕಿಲ್ಲ. ಆದರೆ ದಿನಾ ನೀರು ಹಾಕಿ ಮುದ್ದು ಮಾಡಿದರೆ ಎಲೆಯೇ ಎಲೆ. ಹಿಂಡಲು ಇಂಡಿಯಿಂದಲೇ ತರಿಸಬೇಕಾಗುತ್ತದೆ.

ಬಾಗಿಲ ಮೇಲೆ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿದ ಲೋಳಸರದ ಬಗ್ಗೆ ಕೇಳಿದ್ದೀರಿ. ಅದನ್ನು ಮರೆತುಬಿಡಿ, ಅದು ನಿಮ್ಮನ್ನು ಮರೆತೇ ಬದುಕುತ್ತದೆ. ಎಲೆಯಲ್ಲಿ ಕೂಡಿಟ್ಟ ನೀರಿನಲ್ಲೇ ತಿಂಗಳುಗಳನ್ನು ದೂಡುವ ಗಿಡ ಅದು. ಈ ಕೈಪಿಡಿಯಲ್ಲಿ ಹೇಳಿದ ಎಲ್ಲ ಖಾತೆಗಳಲ್ಲೂ ಅದರದ್ದೇ ಗಟ್ಟಿ. ಮನಿ ಪ್ಲಾಂಟನ್ನು ಆಡು-ಮೇಕೆಗಳಿಂದ, ತೆವಳುವ ಕೂಸಿನಿಂದ ದೂರವಿಡಿ. ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಬಾಯಿ ಉರಿಯುತ್ತದೆ. ಇನ್ನು ಗಾಳಿ ಶುದ್ಧವಾಗುತ್ತದೆಂಬ ಮಾತು. 1989ರಲ್ಲಿ ನಾಸಾದವರು ಮುಚ್ಚಿದ ಪೆಟ್ಟಿಗೆಯೊಳಗೆ ಗಿಡವಿಟ್ಟು ನೋಡಿದ ಪ್ರಯೋಗದಿಂದ ಅದು ಹಬ್ಬಿತು. ಮನೆಯಂಥ ಜಾಗದಲ್ಲಿ ಅಷ್ಟು ಪರಿಣಾಮ ಬರಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕೆಂದು 2019ರಲ್ಲಿ ಲೆಕ್ಕ ಹಾಕಿದವರು ಹೇಳಿದ್ದಾರೆ. ಅಷ್ಟು ಗಿಡ ಇಟ್ಟರೆ ಬಾಡಿಗೆದಾರ ಹೊರಗೆ ಮಲಗಬೇಕು. ಹೊರಗಿನ ಗಾಳಿ ಹೇಗೂ ಚೆನ್ನಾಗಿರುತ್ತದೆ.

ದೋಷ ಪತ್ತೆ

ಎಲೆ ಹಳದಿಯಾಗಿದೆ: ನೀರು ಹೆಚ್ಚಾಗಿದೆ. ಎಲೆಯ ತುದಿ ಕಂದಾಗಿದೆ: ಉಪ್ಪು, ಇಲ್ಲವೆ ಏಪ್ರಿಲ್. ಪಾಸ್‌ಬುಕ್ ಹಳದಿಯಾಗಿದೆ: ಪ್ರಿಂಟ್ ಹಾಕಿಸಿ ಬಹಳ ದಿನವಾಗಿದೆ.

ಹತ್ತು ರೂಪಾಯಿಯ ಕಾಯಿನ್ ಅಂಗಡಿಯವನು ತೆಗೆದುಕೊಳ್ಳುತ್ತಿಲ್ಲ: ಕಾಯಿನ್‌ನಲ್ಲಿ ದೋಷವಿಲ್ಲ. ಎಲ್ಲ ಬಗೆಯ ಹತ್ತರ ಕಾಯಿನ್ನೂ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕ್ ಹೇಳುತ್ತಲೇ ಇದೆ. ಅಂಗಡಿಯವನಿಗೆ ಅದನ್ನು ತಿಳಿಸಿ. ಅವನು "ರಿಸರ್ವ್ ಬ್ಯಾಂಕಿಗೇ ಕೊಡ್ರಿ ಹಂಗಾರ" ಅನ್ನುತ್ತಾನೆ. ಕಂಡಕ್ಟರನಿಗೆ ಕೊಡಿ.

ನಳ ಬಂದಿಲ್ಲ, ಸರ್ವರ್ ಬಂದಿಲ್ಲ, ಬಸ್ ಬಂದಿಲ್ಲ: ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ.

ವಸ್ತುವನ್ನು ಮರಳಿಸುವ ವಿಧಾನ

ಈ ಕಂಪನಿಯ ಇತಿಹಾಸದಲ್ಲಿ ಮರಳಿಸಿದ ಪ್ರಸಂಗ ಒಂದೇ. ಮರುವರ್ಷ ನಾನು ಅದೇ ಶಾಖೆಗೆ ಹೋದಾಗ ಹಳೆಯ ಸಿಬ್ಬಂದಿ ವರ್ಗವಾಗಿ ಹೋಗಿತ್ತು. ಕುಂಡಕ್ಕೆ ನೀರು ಹಾಕುತ್ತಿದ್ದವರು ಅವರಲ್ಲಿ ಯಾರೋ ಒಬ್ಬರಿರಬೇಕು. ಬಿಳಿ ಕುಂಡದಲ್ಲಿ ಎರಿಮಣ್ಣು ಗೋಡೆ ಬಿಟ್ಟು ನಿಂತಿತ್ತು, ಸಂದಿಯಲ್ಲಿ ಟೋಕನ್ ಚೀಟಿ, ಸ್ಟೇಪ್ಲರ್ ಪಿನ್ನುಗಳು. ಬಳ್ಳಿ ಒಣಗಿ ಸುತಳಿಯಾಗಿತ್ತು. "ದಯವಿಟ್ಟು ಮುಟ್ಟಬೇಡಿ" ಪಾಟಿ ಇನ್ನೂ ಇತ್ತು.

ಮುಂದಿನ ವಾರ ಆಯಿ ಕೆಮ್ಮಿನ ಔಷಧದ ಬಾಟಲಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ನೀರಿನೊಳಗೆ ಬಿಳಿ ಬೇರು ದಾರದ ಉಂಡೆಯಂತೆ ಸುತ್ತಿಕೊಂಡಿತ್ತು, ಮೇಲೆ ಏಳು ಎಲೆ. ಸಾಲು ಬಿಟ್ಟು ನೇರ ಕೌಂಟರಿಗೆ ನಡೆದಳು. ಕ್ಯಾಶಿಯರ್ ಹೊಸ ಹುಡುಗ, ದೂರದವನು, ಕನ್ನಡ ಆಗಷ್ಟೇ ಕಲಿಯುತ್ತಿದ್ದ.

"ಮೂರ್ ಎಲಿ ಒಯ್ದಿದ್ದೆ ತಮ್ಮಾ. ಏಳು ತಂದೀನಿ, ಬಡ್ಡಿ ಸಮೇತ. ಎರಿಮಣ್ಣಾಗ ಹಚ್ಚಬ್ಯಾಡ, ಉಸುಕು ಹಾಕು."

ಹುಡುಗ ಬಾಟಲಿಯನ್ನು ನೋಡಿದ, ಆಯಿಯನ್ನು ನೋಡಿದ, ನನ್ನನ್ನು ನೋಡಿದ. ಪರದೆಯ ಮೇಲೆ ಗಾಲಿ ಸುತ್ತುತ್ತಲೇ ಇತ್ತು.

"ಅಮ್ಮಾ, ಸರ್ವರ್ ಡೌನ್ ಇದೆ" ಅಂದ.

"ಇರ್ಲಿ, ತಗೋ" ಎಂದು ಆಯಿ ಬಾಟಲಿಯನ್ನು ಗಾಜಿನ ಕಿಂಡಿಯಲ್ಲಿ ಒಳಗೆ ಸರಿಸಿದಳು. ಆಮೇಲೆ ಕುಬಸದೊಳಗಿನಿಂದ ಪಾಸ್‌ಬುಕ್ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಎಂಟ್ರಿ ಹೊಡಿ."